ಮಾವನ ಕ್ಯಾಸೆಟ್‌ಗಳು ಟಿವಿಗೆ ಬಂದ ದಾರಿ

ಟಿವಿಯಲ್ಲಿ ಗಂಡಿನ ಕಡೆಯವರ ಅಂಬಾಸಿಡರ್ ಕಾರು ಬಂದು ನಿಂತಿತು. ಯಾರೋ ಓಡಿ ಹೋಗಿ ಬಾಗಿಲು ತೆಗೆದರು. ಒಂದು ಕಾಲು ಹೊರಗೆ ಬಂತು. ಅಷ್ಟೇ. ಪಿಕ್ಚರ್ ಅಲ್ಲೇ ನಿಂತು ನಡುವೆ ಬಿಳಿ ಚಕ್ರ ತಿರುಗತೊಡಗಿತು. ಸ್ವಲ್ಪ ಹೊತ್ತಿನ ಮೇಲೆ ಇನ್ನೊಂದು ಕಾಲು. ಮತ್ತೆ ಚಕ್ರ.

"ಹೀಗಾದ್ರೆ ಮುಹೂರ್ತ ಮೀರಿ ಹೋಗತ್ತಲ್ಲಮ್ಮ," ಅಂದರು ಮಾವ.

ಅದು 1996ರಲ್ಲಿ ನಡೆದ ನಮ್ಮನೆಯವರ ಅಕ್ಕನ ಮದುವೆ. ನಾನು ಈ ಮನೆಗೆ ಸೊಸೆಯಾಗಿ ಬಂದದ್ದು ಅದಾಗಿ ಎಷ್ಟೋ ವರ್ಷಕ್ಕೆ. ಕೊಡಗಿನ ಸೋಮವಾರಪೇಟೆಯಿಂದ ಶಾಂತಳ್ಳಿ ಕಡೆಗೆ ಹೋಗುವ ದಾರಿಯಲ್ಲಿ, ಸಿಲ್ವರ್ ಮರ, ಮೆಣಸಿನ ಬಳ್ಳಿ, ಕಾಫಿ ಗಿಡಗಳ ನಡುವೆ ನಮ್ಮ ಮನೆ. ಮಣ್ಣಿನ ಗೋಡೆ, ಒಂದೊಂದೂ ಎರಡಡಿ ದಪ್ಪ. ನಾನು ಓದಿದ್ದು ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ. ಬೆಂಗಳೂರಲ್ಲಿ ಕೆಲವು ವರ್ಷ ಕೆಲಸ ಮಾಡಿ ಬಂದವಳು. ಅದಕ್ಕೇ ಮನೆಯಲ್ಲಿ ವೈರು, ಪ್ಲಗ್ಗು, ರಿಮೋಟು ಅಂದರೆ ಎಲ್ಲರೂ ನನ್ನ ಮುಖ ನೋಡುತ್ತಾರೆ.

ಮನೆಯ ಹಳೇ ಕ್ಯಾಸೆಟ್ಟುಗಳನ್ನು ಟಿವಿಗೆ ತರುವ ಈ ಕೆಲಸಕ್ಕೆ ಕೈ ಹಾಕಲು ಕಾರಣ 2018ರ ಆಗಸ್ಟ್ ಮಳೆ. ಮಕ್ಕಂದೂರು, ಜೋಡುಪಾಲ ಕಡೆ ಗುಡ್ಡಗಳೇ ಜಾರಿ ಬಂದ ಮಳೆ ಅದು. ನಮ್ಮ ನೆಂಟರೊಬ್ಬರ ಮನೆ ಹೋಯಿತು. ಜನ ಉಳಿದರು. ಹಸುಗಳನ್ನೂ ಹೇಗೋ ಬಿಡಿಸಿಕೊಂಡರು. ಆಮೇಲೆ ನಮ್ಮಲ್ಲಿಗೆ ಬಂದಾಗ ಆ ಅಜ್ಜಿ ಪಾತ್ರೆ ಪಗಡದ ಬಗ್ಗೆ ಒಂದು ಮಾತೂ ಆಡಲಿಲ್ಲ. "ನಮ್ಮೆಜಮಾನ್ರದ್ದು ಒಂದು ಫೋಟೋನೂ ಇಲ್ಲ ಈಗ" ಅಂತ ಮಾತ್ರ ಎರಡು ಸಲ ಹೇಳಿದರು. ಆ ರಾತ್ರಿಯೇ ನಾನು ಮಾವನ ಗೋದ್ರೇಜ್ ಬೀರುವಿನ ಮೇಲಿದ್ದ ಟ್ರಂಕು ಇಳಿಸಿದೆ. ಒಳಗೆ ಮೂವತ್ತೊಂದು ವಿಎಚ್‌ಎಸ್ ಕ್ಯಾಸೆಟ್ಟು, ವಿಡಿಯೋ ಕ್ಯಾಮೆರಾದ ಒಂಬತ್ತು ಪುಟ್ಟ ಮಿನಿಡಿವಿ ಟೇಪು. ಮದುವೆಗಳು, ಗೃಹಪ್ರವೇಶ, ಊರಿನ ಸುಗ್ಗಿ, ಮಗುವಿನ ಹೆಸರಿಡುವ ಶಾಸ್ತ್ರ. ಕೆಲವದರ ಮೇಲೆ ಚೀಟಿಯೇ ಇರಲಿಲ್ಲ.

ಟೇಪಿನಿಂದ ಕಂಪ್ಯೂಟರಿಗೆ ಇಳಿಸಿದ ಕತೆ ಆಮೇಲೆ ಹೇಳುತ್ತೇನೆ. ಇಳಿಸಿದ್ದನ್ನು ಟಿವಿಗೆ ತರುವುದರಲ್ಲೇ ನಾನು ಜಾಸ್ತಿ ಒದ್ದಾಡಿದ್ದು.

ಶುರುವಿಗೆ ಎಲ್ಲರೂ ಮಾಡುವ ಹಾಗೆ ಪೆನ್‌ಡ್ರೈವ್. ಲ್ಯಾಪ್‌ಟಾಪಿಂದ ಕಾಪಿ ಮಾಡು, ಟಿವಿ ಹಿಂದೆ ಕೈ ತೂರಿಸಿ ಚುಚ್ಚು. ಮೊದಲ ಮದುವೆಯೇ ಕಾಪಿ ಆಗಲಿಲ್ಲ. ಜಾಗ ಬೇಕಾದಷ್ಟಿತ್ತು. ಆದರೆ ಪೆನ್‌ಡ್ರೈವ್ ಫ್ಯಾಟ್32 ರೀತಿಯಲ್ಲಿ ಫಾರ್ಮ್ಯಾಟ್ ಆಗಿತ್ತು. ಅದರಲ್ಲಿ 4 ಜಿಬಿ ದಾಟಿದ ಒಂದು ಫೈಲು ಕೂರುವುದಿಲ್ಲ. ಆ ಮಿತಿ ಇಲ್ಲದ ಎಕ್ಸ್‌ಫ್ಯಾಟ್ ರೀತಿಗೆ ಬದಲಿಸಿದೆ, ಕಾಪಿ ಆಯಿತು. ಆದರೆ ಅತ್ತೆಗೆ ಸುಗ್ಗಿ ಬೇಕು, ಮಾವನಿಗೆ ಮದುವೆ ಬೇಕು, ಮಗಳಿಗೆ ಅವಳದೇ ಹುಟ್ಟುಹಬ್ಬ ಬೇಕು. ದಿನಾ ನನ್ನದು ಲ್ಯಾಪ್‌ಟಾಪಿಗೂ ಟಿವಿಗೂ ನಡೆದಾಟ. ಎಲ್ಲವನ್ನೂ ಒಂದು ಕಡೆ ಇಟ್ಟು, ರಿಮೋಟಿನಲ್ಲೇ ಆರಿಸಿಕೊಳ್ಳುವ ಹಾಗೆ ಆಗಬೇಕಿತ್ತು.

ಅಂಗಡಿಯಲ್ಲಿ ಸಿಗುವ ರೆಡಿಮೇಡ್ ನಾಸ್ ಡಬ್ಬದ ರೇಟು ನೋಡಿ ಸುಮ್ಮನಾದೆ. ನಾಸ್ ಅಂದರೆ ನೆಟ್‌ವರ್ಕಿಗೆ ಸಿಕ್ಕಿಸಿದ ಡಿಸ್ಕು, ಅಷ್ಟೇ. ಮನೆಯಲ್ಲಿ ಇರುವ ಎಲ್ಲ ಟಿವಿ, ಫೋನು ಅದರಿಂದ ಫೈಲು ತೆಗೆದುಕೊಳ್ಳಬಹುದು. ನಾನು 4 ಜಿಬಿ ರ್‍ಯಾಮಿನ ಒಂದು ರಾಸ್‌ಬೆರಿ ಪೈ 4 ತರಿಸಿದೆ. ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕ ಕಂಪ್ಯೂಟರ್ ಬೋರ್ಡು. 2019ರಲ್ಲಿ ಬಂದದ್ದು. ಅದಕ್ಕೆ ಹಿಂದಿನ ಪೈಗಳಲ್ಲಿ ಇಲ್ಲದ ಎರಡು ವಿಷಯ ಇದರಲ್ಲಿದ್ದವು. ಯುಎಸ್‌ಬಿ 3 ಮತ್ತು ಪೂರಾ ಗಿಗಾಬಿಟ್ ನೆಟ್‌ವರ್ಕ್. ಅದಕ್ಕೆ ನಮ್ಮಲ್ಲೇ ಇದ್ದ ಚಿಕ್ಕ ಪೋರ್ಟಬಲ್ ಡಿಸ್ಕ್ ಸಿಕ್ಕಿಸಿದೆ.

ಒಂದು ವಾರ ಚೆನ್ನಾಗಿತ್ತು. ಆಮೇಲೆ ನಡುನಡುವೆ ಡಿಸ್ಕೇ ಮಾಯ. ಕಿವಿ ಹತ್ತಿರ ಇಟ್ಟರೆ ಟಿಕ್, ಟಿಕ್ ಸದ್ದು. ಡಿಸ್ಕ್ ಸತ್ತಿತು ಅಂತ ಹೆದರಿದ್ದೆ. ನಿಜವಾದ ಕಾರಣ ಕರೆಂಟು ಸಾಲದಿರುವುದು. ಪೈ 4ರ ನಾಲ್ಕೂ ಯುಎಸ್‌ಬಿ ಪೋರ್ಟು ಸೇರಿ 1.2 ಆಂಪಿಯರ್ ಕೊಡುತ್ತದೆ. ಡಿಸ್ಕು ತಿರುಗಲು ಶುರು ಮಾಡುವಾಗ ಒಮ್ಮೆಲೇ ಜಾಸ್ತಿ ಎಳೆಯುತ್ತದೆ. ಅದರ ಮೇಲೆ ನಾನು ಹಳೇ ಫೋನಿನ ಚಾರ್ಜರ್ ಬೇರೆ ಹಾಕಿದ್ದೆ. ಪೈಗೆ 5 ವೋಲ್ಟ್ 3 ಆಂಪಿಯರ್ ಅಡಾಪ್ಟರೇ ಬೇಕು. ಅದನ್ನು ತಂದೆ. ಡಿಸ್ಕನ್ನೂ ಬದಲಿಸಿ, ಸ್ವಂತ ಅಡಾಪ್ಟರ್ ಇರುವ ದೊಡ್ಡ ಡೆಸ್ಕ್‌ಟಾಪ್ ಡಿಸ್ಕ್ ಹಾಕಿದೆ. ಆ ಟಿಕ್ ಸದ್ದು ಮತ್ತೆ ಕೇಳಿಲ್ಲ.

ಡಿಸ್ಕಲ್ಲಿರುವುದನ್ನು ಟಿವಿಗೆ ತೋರಿಸಲು ಮೊದಲು ಹಾಕಿದ್ದು ಮಿನಿಡಿಎಲ್‌ಎನ್‌ಎ ಅನ್ನುವ ಪುಟ್ಟ ಸಾಫ್ಟ್‌ವೇರ್. ಡಿಎಲ್‌ಎನ್‌ಎ ಅನ್ನುವುದು ಟಿವಿ ಕಂಪನಿಗಳೆಲ್ಲ ಒಪ್ಪಿಕೊಂಡ ಹಳೇ ಪದ್ಧತಿ. ಟಿವಿಯ ಸೋರ್ಸ್ ಬಟನ್ ಒತ್ತಿದರೆ ಎಚ್‌ಡಿಎಂಐ 1, ಎಚ್‌ಡಿಎಂಐ 2 ಜೊತೆಗೆ ನಮ್ಮ ಡಿಸ್ಕಿನ ಹೆಸರೂ ಬರುತ್ತದೆ. ಇದರಲ್ಲಿ ನಾಜೂಕು ಏನೂ ಇಲ್ಲ. ಫೋಲ್ಡರು, ಫೈಲು, ಓಕೆ. ಬರೀ ಫೈಲು ತೋರಿಸಿದರೆ ಸಾಕು ಅನ್ನುವವರಿಗೆ ಇವತ್ತಿಗೂ ಇದೇ ಸಾಕು. ನನಗೆ ಸಾಕಾಗಲಿಲ್ಲ. ನಮ್ಮ ಟಿವಿಯ ಪ್ಲೇಯರ್‌ನಲ್ಲಿ ಕನ್ನಡದ ಹೆಸರೆಲ್ಲ ಚೌಕ ಚೌಕ ಡಬ್ಬ. ಮೂರು ಗಂಟೆ ಮದುವೆಯನ್ನು ಅರ್ಧಕ್ಕೆ ನಿಲ್ಲಿಸಿದರೆ ನಾಳೆ ಮತ್ತೆ ಮೊದಲಿಂದ. ಮಾವ ಗಣಪತಿ ಪೂಜೆಯನ್ನೇ ಆರು ಸಲ ನೋಡಿದರು.

ಆಮೇಲೆ ಜೆಲ್ಲಿಫಿನ್ ಹಾಕಿದೆ, ಡಿಸ್ಕಿನ ವಿಡಿಯೋಗಳನ್ನು ಪಟ್ಟಿ ಮಾಡಿ ಟಿವಿಗೆ ಕಳಿಸುವ ಸರ್ವರ್ ಸಾಫ್ಟ್‌ವೇರ್. ಇದು ಬಿಟ್ಟಿ, ಒಳಗಿನ ಕೋಡ್ ಎಲ್ಲರಿಗೂ ತೆರೆದಿಟ್ಟದ್ದು. ಎಂಬಿ (Emby) ಅನ್ನುವ ಇಂಥದೇ ಇನ್ನೊಂದು ಸರ್ವರ್ ತನ್ನ ಕೋಡನ್ನು ಮುಚ್ಚಿಕೊಂಡಾಗ, ಅದರ ಹಳೇ ಕೋಡಿನಿಂದ 2018ರ ಡಿಸೆಂಬರಿನಲ್ಲಿ ಕವಲೊಡೆದು ಬಂತು. ನನಗೆ ಇದು ಹಿಡಿಸಲು ದೊಡ್ಡ ಕಾರಣ ಬೇರೆ. ಇದಕ್ಕೆ ಇಂಟರ್‌ನೆಟ್ಟೇ ಬೇಡ. ಲಾಗಿನ್ ಕೂಡ ನಮ್ಮ ಮನೆಯ ಪೆಟ್ಟಿಗೆಯಲ್ಲೇ. ಜುಲೈಯಲ್ಲಿ ಮರ ಬಿದ್ದು ಫೈಬರ್ ತುಂಡಾಗಿ ವಾರಗಟ್ಟಲೆ ನೆಟ್ ಇಲ್ಲದಾಗ, ರೂಟರ್ ಒಂದು ಉರಿಯುತ್ತಿದ್ದರೆ ಸಾಕು, ಟಿವಿ ನಡೆಯುತ್ತದೆ. ಆಂಡ್ರಾಯ್ಡ್ ಟಿವಿಗೆ ಅದರದೇ ಆ್ಯಪ್ ಇದೆ. ಎಲ್ಲಿಗೆ ನಿಲ್ಲಿಸಿದ್ದೆವೋ ಅಲ್ಲಿಂದಲೇ ಶುರು. ಕನ್ನಡದ ಹೆಸರೂ ಸರಿಯಾಗಿ ಬಂತು.

ಅದೇ ದಿನ ಸಂಜೆ ಎಲ್ಲರನ್ನೂ ಕೂರಿಸಿ ಅಕ್ಕನ ಮದುವೆ ಹಾಕಿದ್ದು. ಬಿಳಿ ಚಕ್ರ ತಿರುಗಿದ್ದು.

ನನ್ನ ಮೊದಲ ಅನುಮಾನ ವೈಫೈ ಮೇಲೆ. ಎರಡನೆಯದು ಡಿಸ್ಕ್ ಮೇಲೆ. ಎರಡೂ ಅಲ್ಲ. ಫೋನಿನಲ್ಲಿ ಜೆಲ್ಲಿಫಿನ್‌ನ ಡ್ಯಾಶ್‌ಬೋರ್ಡ್ ತೆಗೆದೆ. ಯಾರು ಏನು ನೋಡುತ್ತಿದ್ದಾರೆ ಅಂತ ಅಲ್ಲಿ ಬರುತ್ತದೆ. ಅದರ ಕೆಳಗೆ ಡೈರೆಕ್ಟ್ ಪ್ಲೇ, ಅಂದರೆ ಫೈಲು ಇದ್ದ ಹಾಗೇ ಟಿವಿಗೆ ಹೋಗುತ್ತಿದೆ, ಅಂತ ಇರಬೇಕಿತ್ತು. ಟ್ರಾನ್ಸ್‌ಕೋಡ್ ಅಂತ ಇತ್ತು. ಪೈ ಮೇಲೆ ಕೈ ಇಟ್ಟೆ, ರೊಟ್ಟಿ ಹಂಚಿನ ಹಾಗೆ ಸುಡುತ್ತಿತ್ತು. ನಾಲ್ಕೂ ಕೋರು ನೂರಕ್ಕೆ ನೂರು ಓಡುತ್ತಿದ್ದವು.

ಇಲ್ಲಿ ಸ್ವಲ್ಪ ನಿಂತು ಹೇಳುತ್ತೇನೆ, ಯಾಕಂದರೆ ಇದೊಂದು ತಿಳಿದರೆ ಉಳಿದದ್ದೆಲ್ಲ ಸುಲಭ. ವಿಡಿಯೋ ಫೈಲಿನ ಹೆಸರಿನ ಕೊನೆಗೆ ಎಂಪಿ4, ಎಂಕೆವಿ, ಎವಿಐ ಅಂತ ಇರುತ್ತಲ್ಲ, ಅದು ಬರೀ ಚೀಲ. ಒಳಗೆ ಚಿತ್ರ ಬೇರೆ, ಸದ್ದು ಬೇರೆ, ಸಬ್‌ಟೈಟಲ್ ಬೇರೆ. ಚಿತ್ರ ಎಚ್ 264 ಆಗಿರಬಹುದು, ಎಚ್ 265 ಆಗಿರಬಹುದು, ಹಳೇ ಡಿವ್‌ಎಕ್ಸ್ ಆಗಿರಬಹುದು. ಸದ್ದು ಎಎಸಿ, ಎಸಿ3, ಡಿಟಿಎಸ್, ಏನೋ ಒಂದು. ಈ ಮೂರರಲ್ಲಿ ಒಂದು ಟಿವಿಗೆ ಒಗ್ಗದಿದ್ದರೂ ಟಿವಿ ಕೈ ಎತ್ತುತ್ತದೆ. ಆಗ ಸರ್ವರ್, ಪಾಪ, ಆ ಫೈಲನ್ನು ಬಿಚ್ಚಿ, ಟಿವಿಗೆ ಬೇಕಾದ ರೂಪಕ್ಕೆ ಮತ್ತೆ ಕಟ್ಟಿ, ಕಟ್ಟಿದಷ್ಟನ್ನು ಅಲ್ಲಲ್ಲೇ ಕಳಿಸುತ್ತದೆ. ಇದೇ ಟ್ರಾನ್ಸ್‌ಕೋಡ್. ಅದೂ ನಾವು ನೋಡುವ ವೇಗದಲ್ಲೇ ಮಾಡಬೇಕು. ದೊಡ್ಡ ಕಂಪ್ಯೂಟರಿಗೆ ಇದು ಲೆಕ್ಕಕ್ಕಿಲ್ಲ. ಪೈಗೆ ಜೀವ ಹೋಗುವ ಕೆಲಸ.

ಮಾವನಿಗೆ ಇದನ್ನೇ ವಿವರಿಸಿದೆ. ಅವರು ಕೇಳಿಸಿಕೊಂಡು, "ಅಲ್ಲಮ್ಮ, ಕಾಫಿ ಹಣ್ಣು ಕಣದಲ್ಲಿ ಒಣಗಿಸಿ ಆಮೇಲೆ ಚೀಲಕ್ಕೆ ತುಂಬ್ತೀವಿ. ಹಸಿಯಾಗೇ ತುಂಬಿ, ವ್ಯಾಪಾರಿ ಬಂದು ಬಾಗಿಲಲ್ಲಿ ನಿಂತಾಗ ಒಣಗಿಸ್ತೀನಿ ಅಂದ್ರೆ?" ಅಂದರು. ನಾನು ನಾಲ್ಕು ವಾಕ್ಯದಲ್ಲಿ ಹೇಳಿದ್ದು ಅವರಿಗೆ ಒಂದು ಪ್ರಶ್ನೆಯಲ್ಲಿ ಮುಗಿಯಿತು.

ಅವತ್ತಿಂದ ನನ್ನ ಕ್ರಮ ಬದಲಾಯಿತು. ಶಕ್ತಿ ಜಾಸ್ತಿ ಇರುವ ಸರ್ವರ್ ಹುಡುಕುವುದನ್ನು ಬಿಟ್ಟೆ. ಡಿಸ್ಕಿಗೆ ಹೋಗುವ ಪ್ರತಿ ಫೈಲನ್ನೂ ಮೊದಲೇ ಟಿವಿಗೆ ಒಗ್ಗುವ ಹಾಗೆ ಮಾಡಿಯೇ ಇಡುತ್ತೇನೆ. ಚಿತ್ರ ಎಚ್ 264, ಸದ್ದು ಎಎಸಿ, ಚೀಲ ಎಂಪಿ4. ಈ ಜೋಡಿಯನ್ನು ಬೇಡ ಅನ್ನುವ ಟಿವಿಯನ್ನು ನಾನು ಇನ್ನೂ ನೋಡಿಲ್ಲ. ಎಚ್ 265 ಅದೇ ಗುಣಮಟ್ಟಕ್ಕೆ ಹೆಚ್ಚುಕಡಿಮೆ ಅರ್ಧ ಜಾಗದಲ್ಲಿ ಕೂರುತ್ತದೆ ನಿಜ. ಆದರೆ ಕೋಣೆಯಲ್ಲಿರುವ ನಮ್ಮ ಹಳೇ ಟಿವಿಗೆ ಅದು ಬರುವುದಿಲ್ಲ. ಡಿಸ್ಕಿನಲ್ಲಿ ಜಾಗ ಸಿಗುತ್ತದೆ, ಅತ್ತೆಯ ತಾಳ್ಮೆ ಸಿಗುವುದಿಲ್ಲ.

ಬದಲಾಯಿಸುವ ಕೆಲಸಕ್ಕೆ ಎಫ್‌ಎಫ್‌ಎಂಪೆಗ್ ಬಳಸುತ್ತೇನೆ. ಕಪ್ಪು ಪರದೆಯಲ್ಲಿ ಟೈಪ್ ಮಾಡಬೇಕಾದ ಸಾಧನ. ಅದು ಬೇಡ ಅನ್ನುವವರಿಗೆ ಹ್ಯಾಂಡ್‌ಬ್ರೇಕ್ ಅನ್ನುವ ಸಾಫ್ಟ್‌ವೇರ್ ಇದೆ, ಬಟನ್ ಒತ್ತಿದರೆ ಆಯಿತು. ನಾನು ಮೊದಲು ಮಾಡಿದ ದಡ್ಡತನ ಏನೆಂದರೆ ಎಲ್ಲ ಫೈಲನ್ನೂ ಪೂರ್ತಿ ಹೊಸದಾಗಿ ಎನ್‌ಕೋಡ್ ಮಾಡಿದ್ದು. ಒಂದೊಂದಕ್ಕೆ ರಾತ್ರಿಯಿಡೀ. ಎಷ್ಟೋ ಫೈಲಿನಲ್ಲಿ ಚಿತ್ರ ಸರಿಯಾಗೇ ಇತ್ತು, ಸದ್ದು ಮಾತ್ರ ಡಿಟಿಎಸ್. ಅಂಥದಕ್ಕೆ ಚಿತ್ರವನ್ನು ಮುಟ್ಟದೆ ಹಾಗೇ ಕಾಪಿ ಮಾಡು, ಸದ್ದನ್ನು ಮಾತ್ರ ಎಎಸಿ ಮಾಡು ಅಂದರೆ ಕೆಲವೇ ನಿಮಿಷದ ಕೆಲಸ. ಚಿತ್ರದ ಗುಣಮಟ್ಟ ಒಂದು ಕೂದಲಷ್ಟೂ ಕಮ್ಮಿ ಆಗುವುದಿಲ್ಲ. ಹೀಗಾಗಿ ಈಗ ಏನೇ ಮಾಡುವ ಮೊದಲು ಫೈಲನ್ನು ವಿಎಲ್‌ಸಿ ಪ್ಲೇಯರ್‌ನಲ್ಲಿ ತೆಗೆದು, ಟೂಲ್ಸ್ ಮೆನುವಿನಲ್ಲಿ ಕೋಡೆಕ್ ಮಾಹಿತಿ, ಅಂದರೆ ಚಿತ್ರ ಯಾವ ರೂಪದ್ದು, ಸದ್ದು ಯಾವ ರೂಪದ್ದು ಅಂತ ನೋಡುತ್ತೇನೆ. ಕಾಯಿಲೆ ಯಾವುದು ಅಂತ ಗೊತ್ತಾದ ಮೇಲೆ ಔಷಧಿ.

ನಮ್ಮನೆಯವರ ತಂಗಿ ಮದುವೆಯದು ಇನ್ನೊಂದು ತರಹದ ಕಾಟ. ಅದು ಈಚಿನದು. ಸಂಬಂಧಿಕ ಹುಡುಗನೊಬ್ಬ ಐಫೋನಿನಲ್ಲಿ 4ಕೆ, ಸೆಕೆಂಡಿಗೆ 60 ಫ್ರೇಮಿನಲ್ಲಿ ತೆಗೆದಿದ್ದ. ಹಾಲಿನ ಟಿವಿಗೆ ಅದು ಒಗ್ಗುತ್ತಿತ್ತು. ಡ್ಯಾಶ್‌ಬೋರ್ಡ್ ಡೈರೆಕ್ಟ್ ಪ್ಲೇ ಅಂತಲೇ ಹೇಳುತ್ತಿತ್ತು. ಪೈ ತಣ್ಣಗಿತ್ತು. ಆದರೂ ಚಕ್ರ. ಈ ಸಲ ತಪ್ಪು ವೈಫೈದೇ.

ಇದನ್ನು ತಿಳಿಯಲು ಒಂದು ಸಣ್ಣ ಲೆಕ್ಕ ಸಾಕು. ಫೈಲ್ ಎಷ್ಟು ಎಂಬಿ ಇದೆಯೋ ಅದನ್ನು 8ರಿಂದ ಗುಣಿಸಿ, ವಿಡಿಯೋ ಎಷ್ಟು ಸೆಕೆಂಡು ಇದೆಯೋ ಅದರಿಂದ ಭಾಗಿಸಿ. ಬರುವುದು ಎಂಬಿಪಿಎಸ್, ಅಂದರೆ ಸೆಕೆಂಡಿಗೆ ಎಷ್ಟು ಮೆಗಾಬಿಟ್ ಹರಿಯಬೇಕು ಅನ್ನುವುದು. ಒಂದು ಗಂಟೆಯ 4 ಜಿಬಿ ಫೈಲಾದರೆ ಸುಮಾರು 9. ಆ ಹುಡುಗನ ಫೋನಿನಲ್ಲಿ ಒಂದು ನಿಮಿಷಕ್ಕೆ 400 ಎಂಬಿ, ಅಂದರೆ ಸುಮಾರು 53. ನಮ್ಮ ರೂಟರ್ ಮಾವನ ಕೋಣೆಯಲ್ಲಿ. ಟಿವಿ ಹಾಲಿನಲ್ಲಿ. ನಡುವೆ ಎರಡಡಿ ಮಣ್ಣಿನ ಗೋಡೆ. ರೂಟರ್ ಡಬ್ಬದ ಮೇಲೆ 1200 ಅಂತ ದೊಡ್ಡದಾಗಿ ಬರೆದಿತ್ತು. ಆದರೆ 5 ಗಿಗಾಹರ್ಟ್ಸ್ ವೈಫೈ ಆ ಗೋಡೆ ದಾಟಿ ಬರುವಷ್ಟರಲ್ಲಿ ಸುಸ್ತಾಗಿ ಬಿಡುತ್ತಿತ್ತು. ಟಿವಿ ತಾನಾಗಿಯೇ ಅದಕ್ಕಿಂತ ನಿಧಾನದ 2.4 ಗಿಗಾಹರ್ಟ್ಸಿಗೆ ಇಳಿಯುತ್ತಿತ್ತು. ಐಪರ್ಫ್ ಅನ್ನುವ ಸಾಧನದಿಂದ ಅಳೆದೆ, 22ರಿಂದ 30. ಐವತ್ಮೂರು ಬೇಕಾದಲ್ಲಿ ಮೂವತ್ತು ಬಂದರೆ ಚಕ್ರ ತಿರುಗದೆ ಏನಾಗುತ್ತದೆ?

ಅಟ್ಟದ ಮೇಲಿಂದ ಒಂದು ಕ್ಯಾಟ್6 ನೆಟ್‌ವರ್ಕ್ ಕೇಬಲ್ ಎಳೆದೆ. ಅಟ್ಟದಲ್ಲಿ ಇಲಿ ಇದೆ, ಅದಕ್ಕೆ ಪಿವಿಸಿ ಪೈಪಿನೊಳಗೆ. ಇಲ್ಲಿ ಇನ್ನೊಂದು ವಿಷಯ ಗೊತ್ತಾಯಿತು. ಪೈ ಗಿಗಾಬಿಟ್, ರೂಟರ್ ಗಿಗಾಬಿಟ್, ಟಿವಿಯ ಕೇಬಲ್ ಪೋರ್ಟು ಮಾತ್ರ ಬರೀ 100! ಬಹಳ ಟಿವಿಗಳು ಹೀಗೇ. ಆದರೂ ಅಳೆದಾಗ 94 ಸಿಕ್ಕಿತು. ಅದು ಬೆಳಗ್ಗೆಯೂ 94, ರಾತ್ರಿಯೂ 94, ಮಿಕ್ಸಿ ಓಡಿಸಿದರೂ 94. ನಮ್ಮ ಮನೆ ವಿಡಿಯೋಗೆ ಇದು ಧಾರಾಳ. ಮನೆಯ ಗೋಡೆ ತೆಳುವಾಗಿದ್ದು, ರೂಟರ್ ಅದೇ ಕೋಣೆಯಲ್ಲಿದ್ದರೆ 5 ಗಿಗಾಹರ್ಟ್ಸ್ ಇದಕ್ಕಿಂತ ವೇಗ ಕೊಟ್ಟೀತು. ನಮ್ಮಲ್ಲಿ ಆಗದು.

ಈಗ ಕರೆಂಟಿನ ವಿಷಯ. ಬೆಂಗಳೂರಿನಲ್ಲಿ ಕೂತು ಇಂಥ ಸೆಟಪ್ ಬಗ್ಗೆ ಹೇಳುವವರು ಯಾರೂ ಇದನ್ನು ಹೇಳುವುದಿಲ್ಲ. ಕೊಡಗಿನ ತೋಟದ ಮನೆಯಲ್ಲಿ ಅರ್ಧ ಕೆಲಸ ಇದೇ.

ಮೊದಲ ಮಳೆಗಾಲದಲ್ಲೇ ಪೈನ ಮೆಮೊರಿ ಕಾರ್ಡ್ ಎರಡು ಸಲ ಕೆಟ್ಟಿತು. ಬರೆಯುತ್ತಿರುವಾಗ ಕರೆಂಟು ಹೋದರೆ ಆ ಕಾರ್ಡುಗಳಿಗೆ ತಡೆಯುವುದಿಲ್ಲ. ಒಂದು ಚಿಕ್ಕ ಎಸ್‌ಎಸ್‌ಡಿ, ಅಂದರೆ ತಿರುಗುವ ತಟ್ಟೆ ಇಲ್ಲದ ಡಿಸ್ಕು, ಹಾಕಿ ಅದರಿಂದಲೇ ಬೂಟ್ ಆಗುವ ಹಾಗೆ ಮಾಡಿದೆ. ದೊಡ್ಡ ಡಿಸ್ಕು ವಿಂಡೋಸಿನ ಎನ್‌ಟಿಎಫ್‌ಎಸ್ ಫಾರ್ಮ್ಯಾಟಿನಲ್ಲಿತ್ತು. ಒಮ್ಮೆ ಕರೆಂಟು ಹೋಗಿ ಬಂದ ಮೇಲೆ ಓದಲು ಮಾತ್ರ ಬಿಡುತ್ತೇನೆ, ಬರೆಯಲು ಬಿಡುವುದಿಲ್ಲ ಅಂತ ಹಟ ಹಿಡಿಯಿತು. ಎಲ್ಲವನ್ನೂ ಬೇರೆ ಕಡೆ ಇಳಿಸಿ, ಪೈ ಓಡಿಸುವ ಲಿನಕ್ಸಿನ ಇಎಕ್ಸ್‌ಟಿ4 ಫಾರ್ಮ್ಯಾಟ್ ಮಾಡಿ, ಮತ್ತೆ ತುಂಬಿಸಿದೆ. ಎರಡು ದಿನ ಹಿಡಿಯಿತು.

ಮನೆಯಲ್ಲಿ ಇನ್ವರ್ಟರ್ ಇಲ್ವಾ ಅಂತ ಕೇಳಬಹುದು. ಇದೆ. ಅದರ ಹಿಂದೆ ಒಂದು ಸಣ್ಣ ಸ್ವಿಚ್ಚೂ ಇದೆ, ನಾರ್ಮಲ್ ಮತ್ತು ಯುಪಿಎಸ್ ಅಂತ. ನಾರ್ಮಲ್‌ನಲ್ಲಿ ಇದ್ದರೆ ಕರೆಂಟು ಹೋದಾಗ ಬ್ಯಾಟರಿಗೆ ಬದಲಾಗಲು ತುಸು ಹೊತ್ತು ತೆಗೆದುಕೊಳ್ಳುತ್ತದೆ. ಬಲ್ಬಿಗೆ ಅದು ಗೊತ್ತೇ ಆಗುವುದಿಲ್ಲ, ಪೈ ಮಾತ್ರ ರೀಸ್ಟಾರ್ಟ್ ಆಗುತ್ತದೆ. ಸರಿ, ಯುಪಿಎಸ್‌ಗೆ ಹಾಕಿದೆ. ಮಳೆಗಾಲ ಪೂರ್ತಿ ಚೆನ್ನಾಗಿ ನಡೆಯಿತು. ಫೆಬ್ರವರಿ ಬಂತು. ರೊಬಸ್ಟಾ ಹೂವಿಗೆ ನೀರು ಹಾಕಲು ಸುತ್ತಮುತ್ತಲ ತೋಟದಲ್ಲೆಲ್ಲ ಸ್ಪ್ರಿಂಕ್ಲರ್ ಪಂಪು ಶುರು. ವೋಲ್ಟೇಜು ನೆಲಕ್ಕೆ ಬಿತ್ತು. ಯುಪಿಎಸ್ ಮೋಡಿನಲ್ಲಿ ಇನ್ವರ್ಟರಿಗೆ ಕಡಿಮೆ ವೋಲ್ಟೇಜ್ ಅಂದರೆ ಕರೆಂಟೇ ಇಲ್ಲದ ಹಾಗೆ. ಲೈನಿನಲ್ಲಿ ಕರೆಂಟು ಇದ್ದರೂ ಅದು ಬ್ಯಾಟರಿಯಲ್ಲೇ ಓಡಿತು. ರಾತ್ರಿ ನಿಜವಾಗಿ ಕರೆಂಟು ಹೋದಾಗ ಬ್ಯಾಟರಿ ಖಾಲಿ. ಅತ್ತೆ ಮೊಂಬತ್ತಿ ಹುಡುಕುತ್ತಾ ನನ್ನ ಕಡೆ ನೋಡಿದ ನೋಟ ಇನ್ನೂ ನೆನಪಿದೆ.

ಕೊನೆಗೆ ಇನ್ವರ್ಟರನ್ನು ನಾರ್ಮಲ್‌ಗೆ ಬಿಟ್ಟೆ. ರೂಟರಿಗೆ 12 ವೋಲ್ಟಿನ ಮಿನಿ ಯುಪಿಎಸ್. ಪೈ ಮತ್ತು ಡಿಸ್ಕಿಗೆ ಕಂಪ್ಯೂಟರ್ ಅಂಗಡಿಯಲ್ಲಿ ಸಿಗುವ ಚಿಕ್ಕ 600 ವಿಎ ಯುಪಿಎಸ್. ಇನ್ವರ್ಟರ್ ಎಚ್ಚರಾಗುವವರೆಗಿನ ಆ ಒಂದು ಕ್ಷಣವನ್ನು ಇವು ದಾಟಿಸುತ್ತವೆ, ಅಷ್ಟೇ ಬೇಕಾದದ್ದು.

ಇನ್ನೊಂದು ಬೆಳಗ್ಗೆ ಜೆಲ್ಲಿಫಿನ್ ತೆಗೆದರೆ ಪೂರ್ತಿ ಖಾಲಿ. ಒಂದು ಮದುವೆಯೂ ಇಲ್ಲ. ಎದೆ ಝಲ್ ಅಂದಿತು. ನಡೆದದ್ದು ಇಷ್ಟು. ರಾತ್ರಿ ದೀರ್ಘ ಕಾಲ ಕರೆಂಟಿಲ್ಲದೆ ಎಲ್ಲವೂ ಆರಿ ಹೋಗಿತ್ತು. ಬಂದಾಗ ಡಿಸ್ಕು ತಿರುಗಿ ಸಿದ್ಧವಾಗುವ ಮೊದಲೇ ಪೈ ಎದ್ದಿತು. ಜೆಲ್ಲಿಫಿನ್ ಫೋಲ್ಡರ್ ನೋಡಿತು, ಏನೂ ಇಲ್ಲ, ಹಾಗಾದರೆ ಎಲ್ಲ ಅಳಿಸಿದ್ದಾರೆ ಅಂದುಕೊಂಡು ತನ್ನ ಪಟ್ಟಿಯನ್ನೂ ಅಳಿಸಿತು. ಫೈಲುಗಳು ಡಿಸ್ಕಿನಲ್ಲಿ ಹಾಗೇ ಇದ್ದವು, ಮತ್ತೆ ಸ್ಕ್ಯಾನ್ ಮಾಡಿದಾಗ ಬಂದವು. ಈಗ ಡಿಸ್ಕ್ ಮೌಂಟ್ ಆಗದೆ, ಅಂದರೆ ಪೈ ಕೈಗೆ ಸಿಗದೆ, ಜೆಲ್ಲಿಫಿನ್ ಏಳಲೇ ಬಾರದು ಅಂತ ಲಿನಕ್ಸಿನಲ್ಲಿ ಕಟ್ಟು ಹಾಕಿದ್ದೇನೆ. ಪೈಗೆ ಯಾವಾಗಲೂ ಒಂದೇ ಅಡ್ರೆಸ್ ಕೊಡು ಅಂತ ರೂಟರಿಗೂ ಹೇಳಿಟ್ಟಿದ್ದೇನೆ. ಇಲ್ಲದಿದ್ದರೆ ಕರೆಂಟು ಬಂದಾಗಲೆಲ್ಲ ಅದು ಹೊಸ ನಂಬರ್ ಕೊಡಬಹುದು, ಟಿವಿ ಹಳೇ ನಂಬರಿಗೆ ಬಾಗಿಲು ತಟ್ಟುತ್ತಾ ಕೂರುತ್ತದೆ.

ಸಿಡಿಲಿನದು ಇದಕ್ಕಿಂತ ದುಬಾರಿ ಪಾಠ. ಕಣದ ಆಚೆ ನಮ್ಮದು ಎರಡು ಕೋಣೆಯ ಹೋಂಸ್ಟೇ ಇದೆ, ಮನೆಯಿಂದ ಅರವತ್ತು ಮೀಟರ್ ದೂರ. ಅಲ್ಲಿನ ಟಿವಿಗೂ ಇರಲಿ ಅಂತ ಕೇಬಲ್ ಎಳೆದಿದ್ದೆ, ಮರದಿಂದ ಮರಕ್ಕೆ. ಏಪ್ರಿಲ್‌ನ ಒಂದು ಸಂಜೆ, ಕಾಫಿ ಹೂ ಅರಳಿಸುವ ಹೂ ಮಳೆ ಮುಗಿದ ಮೇಲಿನ ಗುಡುಗು ಮಳೆ. ಸಿಡಿಲು ನಮ್ಮ ಮೇಲೆ ಬೀಳಲೂ ಇಲ್ಲ, ಕೆಳಗಿನ ತೋಟದ ಸಿಲ್ವರ್ ಮರಕ್ಕೆ ಹೊಡೆಯಿತು. ಆದರೂ ರೂಟರಿನ ಎರಡು ಪೋರ್ಟು, ಆ ಕಡೆಯ ಟಿವಿಯ ಪೋರ್ಟು ಮೂರೂ ಸತ್ತವು. ಅಷ್ಟು ಉದ್ದದ ತಾಮ್ರದ ತಂತಿ ಬಯಲಲ್ಲಿದ್ದರೆ ಹತ್ತಿರದ ಸಿಡಿಲೇ ಅದರಲ್ಲಿ ಕರೆಂಟು ಹುಟ್ಟಿಸುತ್ತದೆ. ಈಗ ಆ ಜಾಗಕ್ಕೆ ಫೈಬರ್ ಹಾಕಿದ್ದೇನೆ, ಎರಡು ತುದಿಗೂ ಫೈಬರನ್ನು ಮಾಮೂಲಿ ಕೇಬಲ್ಲಿಗೆ ಜೋಡಿಸುವ ಒಂದೊಂದು ಮೀಡಿಯಾ ಕನ್ವರ್ಟರ್. ಗಾಜಿನಲ್ಲಿ ಬೆಳಕು ಹೋಗುತ್ತದೆ, ಸಿಡಿಲಿನ ಕರೆಂಟು ಹೋಗುವುದಿಲ್ಲ. ಫೈಬರಿನ ಜೊತೆಗೆ ಆಸರೆಗೆಂದು ಕಬ್ಬಿಣದ ತಂತಿ ಇರುವ ಕೇಬಲ್ ಕೊಡಲು ಬಂದರು, ಅದು ಬೇಡ ಅಂದೆ. ಅದೂ ಲೋಹವೇ ತಾನೆ.

ಕ್ಯಾಸೆಟ್ ಇಳಿಸಿದ್ದು ಹೇಗೆ ಅಂತ ಹೇಳುತ್ತೇನೆ ಅಂದಿದ್ದೆ. ಕ್ಯಾಸೆಟ್ ಓಡಿಸುವ ವಿಸಿಆರ್ ಹೊಸದು ಸಿಗುವುದಿಲ್ಲ. ಜಪಾನಿನ ಫುನಾಯ್ ಕಂಪನಿ 2016ರ ಜುಲೈಯಲ್ಲಿ ಮಾಡುವುದನ್ನು ನಿಲ್ಲಿಸಿದ್ದೇ ಕೊನೆ. ಮೈಸೂರಲ್ಲಿ ಹಳೇ ಸಾಮಾನು ರಿಪೇರಿ ಮಾಡುವವರೊಬ್ಬರಿಂದ ಒಂದು ತಂದೆ. ಅದರ ಚಿತ್ರವನ್ನು ಡಿಜಿಟಲ್ ಮಾಡುವ ಯುಎಸ್‌ಬಿ ಕ್ಯಾಪ್ಚರ್ ಡಬ್ಬದ ಮೂಲಕ ಲ್ಯಾಪ್‌ಟಾಪಿಗೆ. ಮೂರು ಗಂಟೆಯ ಕ್ಯಾಸೆಟ್ಟಿಗೆ ಮೂರು ಗಂಟೆಯೇ, ಇದರಲ್ಲಿ ಅಡ್ಡದಾರಿ ಇಲ್ಲ. ಮಿನಿಡಿವಿ ಸುಲಭ. ಅದು ಮೊದಲೇ ಡಿಜಿಟಲ್. ಕ್ಯಾಮೆರಾದಿಂದ ಕಂಪ್ಯೂಟರಿಗೆ ಫೈರ್‌ವೈರ್ ಅನ್ನುವ ಹಳೇ ಕೇಬಲ್ ಹಾಕಿದರೆ ಗಂಟೆಗೆ 13 ಜಿಬಿಯ ಹಾಗೆ ಇಳಿಯುತ್ತದೆ. ಫೈರ್‌ವೈರ್ ಇರುವ ಕಂಪ್ಯೂಟರ್ ಹುಡುಕುವುದೇ ಕಷ್ಟ.

ನಮ್ಮ ಊರಿನ ತೇವದಲ್ಲಿ ಟೇಪಿಗೆ ಬೂಸ್ಟು ಬರುತ್ತದೆ. ಕ್ಯಾಸೆಟ್ಟಿನ ಕಿಟಕಿಯಲ್ಲಿ ಟಾರ್ಚ್ ಬಿಟ್ಟು ನೋಡಿದರೆ, ಕಪ್ಪು ಸುರುಳಿಯ ಅಂಚಿಗೆ ರಾಗಿ ಹಿಟ್ಟು ಉದುರಿಸಿದ ಹಾಗೆ ಬಿಳಿ ಪುಡಿ. ನಾನು ಅದನ್ನು ನೋಡದೆ ಒಂದನ್ನು ವಿಸಿಆರಿಗೆ ಹಾಕಿದೆ. ಎರಡು ನಿಮಿಷ ಚೆನ್ನಾಗಿ ಬಂತು, ಆಮೇಲೆ ಪರದೆ ಪೂರ್ತಿ ಬಿಳಿ ಚುಕ್ಕಿ. ಪುಡಿಯೆಲ್ಲ ಟೇಪು ಓದುವ ಹೆಡ್ಡಿಗೆ ಮೆತ್ತಿತ್ತು. ವಿಸಿಆರಿನ ಮುಚ್ಚಳ ತೆಗೆದು, ಐಸೊಪ್ರೊಪೈಲ್ ಆಲ್ಕೋಹಾಲ್ ತಾಗಿಸಿದ ದಪ್ಪ ಕಾಗದವನ್ನು ಹೆಡ್ಡು ಕೂತಿರುವ ಡ್ರಮ್ಮಿಗೆ ಒತ್ತಿ ಹಿಡಿದು, ಡ್ರಮ್ಮನ್ನೇ ಕೈಯಲ್ಲಿ ಮೆಲ್ಲಗೆ ತಿರುಗಿಸಿದೆ. ಮೇಲೆ ಕೆಳಗೆ ಉಜ್ಜಬಾರದು, ಹೆಡ್ಡು ಮುರಿಯುತ್ತದೆ. ಕಾಗದದ ಮೇಲೆ ಕಂದು ಗೆರೆ ಬಂತು. ಮೂರನೇ ಸಲಕ್ಕೆ ಚಿತ್ರ ವಾಪಸ್ ಬಂತು.

ಇಳಿಸಿದ ಮೇಲೆ ಇನ್ನೊಂದು ಕೆಲಸ. ವಿಎಚ್‌ಎಸ್ ಚಿತ್ರ ಒಂದು ಫ್ರೇಮನ್ನು ಎರಡು ಅರ್ಧವಾಗಿ ಕೊಡುತ್ತದೆ, ಸಾಲು ಬಿಟ್ಟು ಸಾಲು. ಹಳೇ ಡಬ್ಬಾ ಟಿವಿಗೆ ಅದೇ ಸರಿ. ಈಗಿನ ಟಿವಿಯಲ್ಲಿ ಯಾರಾದರೂ ಕೈ ಬೀಸಿದರೆ ಕೈ ಬಾಚಣಿಗೆ ಹಲ್ಲಿನ ಹಾಗೆ ಕಾಣುತ್ತದೆ. ಸುಗ್ಗಿ ಕುಣಿತದಲ್ಲಿ ಅಂತೂ ಬರೀ ಬಾಚಣಿಗೆ. ಎಫ್‌ಎಫ್‌ಎಂಪೆಗ್‌ನಲ್ಲಿ ಬಿಡಬ್ಲ್ಯುಡಿಐಎಫ್ ಅನ್ನುವ ಫಿಲ್ಟರ್ ಹಾಕಿ, ಸೆಕೆಂಡಿಗೆ 25 ಇದ್ದದ್ದನ್ನು 50 ಫ್ರೇಮ್ ಮಾಡಿದೆ. ಕುಣಿತ ನೀರಿನ ಹಾಗೆ ಹರಿಯಿತು. ಇದನ್ನೂ ಲ್ಯಾಪ್‌ಟಾಪಿನಲ್ಲೇ ಒಮ್ಮೆ ಮಾಡಿ ಮುಗಿಸಿ, ಆಮೇಲೆ ಡಿಸ್ಕಿಗೆ.

ಎಲ್ಲ ಸರಿಹೋದ ಮೇಲೆ ನನಗೊಂದು ತೊಂದರೆ ಉಳಿಯಿತು. ಪರದೆ ತುಂಬ ಜನ, ನನಗೆ ಯಾರೂ ಗೊತ್ತಿಲ್ಲ. ಮಾವ ಪಕ್ಕದಲ್ಲಿ ಕೂತು ಹೇಳುತ್ತಾ ಹೋಗುತ್ತಿದ್ದರು. "ಅವನು ನಮ್ಮ ತೋಟದ ಲೆಕ್ಕ ಬರೆಯೋ ರೈಟರು. ಆ ಹಸಿರು ಸೀರೆ ನಿಮ್ಮ ದೊಡ್ಡತ್ತೆ, ಈಗಿಲ್ಲ. ಹಿಂದೆ ನಿಂತೋನು ಊಟಕ್ಕೆ ಮಾತ್ರ ಬರೋನು." ಇದನ್ನು ಕಳೆಯಬಾರದು ಅನಿಸಿತು. ಸಬ್‌ಟೈಟಲ್ ಫೈಲು ಅಂದರೆ ಬರೀ ಟೈಮು ಮತ್ತು ಮಾತು. ನೋಟ್‌ಪ್ಯಾಡಿನಲ್ಲೇ ಬರೆಯಬಹುದು. ಅವರು ಹೇಳಿದ ಹಾಗೇ ಟೈಪ್ ಮಾಡಿದೆ, ಕನ್ನಡ ಅಕ್ಷರಗಳನ್ನೂ ಹಿಡಿಸುವ ಯುಟಿಎಫ್-8 ರೀತಿಯಲ್ಲಿ ಉಳಿಸಿದೆ. ಅದು ಮರೆತರೆ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆ.

ಹಾಲಿನ ಟಿವಿಯಲ್ಲಿ ಸರಿಯಾಗಿ ಬಂತು. ಕೋಣೆಯ ಹಳೇ ಟಿವಿಯಲ್ಲಿ ಒತ್ತಕ್ಷರ ಎಲ್ಲ ಬಿಡಿಬಿಡಿ. ದೊಡ್ಡತ್ತೆ ಹೋಗಿ ದೊಡ್‌ಡತ್‌ತೆ. ಅಕ್ಷರಗಳನ್ನು ಒಂದರ ಕೆಳಗೆ ಒಂದು ಕೂರಿಸುವ ವಿದ್ಯೆ ಆ ಟಿವಿಗೆ ಬಾರದು. ಸರ್ವರಲ್ಲೇ ಚಿತ್ರದ ಮೇಲೆ ಅಕ್ಷರ ಬರೆದು ಕಳಿಸು ಅನ್ನಬಹುದು. ಹಾಗಂದರೆ ಮತ್ತೆ ಟ್ರಾನ್ಸ್‌ಕೋಡ್, ಮತ್ತೆ ಪೈ ರೊಟ್ಟಿ ಹಂಚು. ಮಾವನ ಕಣದ ಲೆಕ್ಕವನ್ನೇ ಇಲ್ಲಿಗೂ ಹಾಕಿದೆ. ನೋಟೊ ಸಾನ್ಸ್ ಕನ್ನಡ ಫಾಂಟ್ ಬಳಸಿ, ಹೆಸರುಗಳನ್ನು ಚಿತ್ರದ ಮೇಲೇ ಅಚ್ಚೊತ್ತಿದ ಬೇರೊಂದು ಪ್ರತಿ ಮಾಡಿಟ್ಟೆ. ಅಚ್ಚೊತ್ತದ ಮೂಲ ಪ್ರತಿಯೂ ಇದೆ. ಹೆಸರು ತಪ್ಪಿದ್ದರೆ ತಿದ್ದಬೇಕಲ್ಲ. ಅತ್ತೆ ನೋಡಿ ಆಗಲೇ ನಾಲ್ಕು ತಪ್ಪು ಹಿಡಿದಿದ್ದಾರೆ. ಮಾವ ಎರಡನ್ನು ಮಾತ್ರ ಒಪ್ಪಿದ್ದಾರೆ.

ಇದೆಲ್ಲದರ ಇನ್ನೊಂದು ಪ್ರತಿ ಕುಶಾಲನಗರದಲ್ಲಿ ಅಕ್ಕನ ಮನೆಯಲ್ಲಿದೆ. ಅಲ್ಲಿ ಮಳೆ ಕಮ್ಮಿ, ಆದರೆ ಕಾವೇರಿ ಉಕ್ಕಿದರೆ ಬಡಾವಣೆಗಳಿಗೇ ನೀರು ಬರುತ್ತದೆ, 2018ರಲ್ಲೂ 2019ರಲ್ಲೂ ಬಂದಿತ್ತು. ಹಾಗಾಗಿ ಡಿಸ್ಕು ಅವರ ಮಹಡಿ ಮೇಲಿನ ಬೀರುವಿನಲ್ಲಿ, ಡಬ್ಬದೊಳಗೆ ಸಿಲಿಕಾ ಜೆಲ್ ಹಾಕಿ. ಹಬ್ಬಕ್ಕೆ ಹೋದಾಗಲೆಲ್ಲ ಹೊಸದು ಸೇರಿಸಿ ಬರುತ್ತೇನೆ.

ಇನ್ನು ಏಳು ಕ್ಯಾಸೆಟ್ಟು ಬಾಕಿ. ಏಳಕ್ಕೂ ಬೂಸ್ಟು. ಈಗ ಜುಲೈ, ಹೊರಗೆ ಒಗೆದ ಬಟ್ಟೆ ಮೂರು ದಿನವಾದರೂ ಒಣಗುತ್ತಿಲ್ಲ, ಈಗ ಮುಟ್ಟಿದರೆ ಟೇಪು ಅಂಟಿಕೊಳ್ಳುತ್ತದೆ. ಮುಚ್ಚಳ ಬಿಗಿಯಾದ ಡಬ್ಬದಲ್ಲಿ ಜೆಲ್ ಪೊಟ್ಟಣದ ಜೊತೆ ಇಟ್ಟಿದ್ದೇನೆ. ಕಾಫಿ ಕೊಯ್ಲು ಮುಗಿದು ಜನವರಿಯ ಒಣ ಗಾಳಿ ಶುರುವಾದ ಮೇಲೆ ತೆಗೆಯಬೇಕು. ಅದರಲ್ಲೊಂದಕ್ಕೆ ಚೀಟಿ ಇಲ್ಲ. ಮಾವ ಅದು ಅವರಪ್ಪನ ಎಂಬತ್ತನೇ ವರ್ಷದ್ದು ಅನ್ನುತ್ತಾರೆ. ಅತ್ತೆ ಅಲ್ಲ, ಎಮ್ಮೆ ಕರು ಹಾಕಿದ್ದನ್ನು ಕ್ಯಾಮೆರಾ ಹುಡುಗ ಸುಮ್ನೆ ತೆಗೆದದ್ದು ಅನ್ನುತ್ತಾರೆ.